ಮಳೆಗೆ ಉಳಿದ ಕಲ್ಲು, ಮಳೆಗೆ ಉಳಿದ ಮಣ್ಣು: ಹಾರಂಗಿಯಿಂದ ಮುಳ್ಳೂರಿಗೆ ಎರಡು ದಿನ

ಮಳೆಗಾಲ ಬಂತೆಂದರೆ ಹಾರಂಗಿ ಸುತ್ತಮುತ್ತ ಎಲ್ಲರ ಬಾಯಲ್ಲೂ ಒಂದೇ ಲೆಕ್ಕ: 2,859 ಅಡಿ. ಅದು ಜಲಾಶಯದ ಗರಿಷ್ಠ ಮಟ್ಟ. ಇವತ್ತು ಎಷ್ಟು ಅಡಿ, ಒಳಹರಿವು ಎಷ್ಟು, ಗೇಟು ಯಾವಾಗ ಎತ್ತುತ್ತಾರೆ ಎಂದು ಚಹಾ ಅಂಗಡಿಯಲ್ಲಿ ಮಾತು. ಗೇಟು ಎತ್ತಿದ ದಿನ ವಾಟ್ಸಾಪ್ ಸ್ಟೇಟಸ್ ತುಂಬ ಅದೇ ವಿಡಿಯೊ.

ಆ ವಿಡಿಯೊಗಳಲ್ಲಿ ನಾವು ಒಂದು ವಿಷಯ ಗಮನಿಸುವುದೇ ಇಲ್ಲ. ನೀರಿನ ಬಣ್ಣ. ಪುಷ್ಯ ಮಳೆ ಜೋರಾಗಿ ಹಿಡಿದಾಗ ಹಾರಂಗಿಗೆ ಬರುವುದು ಬರೀ ನೀರಲ್ಲ, ಮಣ್ಣು ಕಲಸಿದ ಕೆಂಪು ನೀರು. ಈ ಮಣ್ಣು ಎಲ್ಲಿಂದ ಬರುತ್ತದೆ? ಯಾರ ಗುಡ್ಡದ್ದು?

ಜುಲೈ ಕೊನೆಯ ಒಂದು ಶನಿವಾರ, ಭಾನುವಾರ ನಾನು ಮತ್ತು ಒಬ್ಬ ಗೆಳೆಯ ಈ ನೀರಿನ ಎದುರು ದಿಕ್ಕಿಗೆ ಹೊರಟೆವು. ಡ್ಯಾಮಿನಿಂದ ಕುಶಾಲನಗರ, ಅಲ್ಲಿಂದ ಮಡಿಕೇರಿ, ಮರುದಿನ ಹಟ್ಟಿಹೊಳೆ, ಮಾದಾಪುರ ಮಾರ್ಗವಾಗಿ ಸೋಮವಾರಪೇಟೆ, ಶನಿವಾರಸಂತೆ. ದಾರಿಯಲ್ಲಿ ಹಳೆಯ ಕೋಟೆ, ಬಸದಿ, ಕಂದಕ, ಕಲ್ಲಿನ ಗೋರಿಗಳನ್ನು ನೋಡುವುದೆಂದು ಲೆಕ್ಕ ಹಾಕಿದ್ದೆವು. ಮಳೆಗಾಲದಲ್ಲಿ ಇವನ್ನೆಲ್ಲ ಯಾರು ನೋಡುತ್ತಾರೆ ಎಂದು ಮನೆಯಲ್ಲಿ ಬೈದರು. ಆದರೆ ಇವನ್ನು ಮಳೆಯಲ್ಲೇ ನೋಡಬೇಕು. ಕೊಡಗಿನಲ್ಲಿ ಏನು ಕಟ್ಟಿದರೂ ಕೊನೆಗೆ ಪರೀಕ್ಷೆ ಮಾಡುವುದು ಮಳೆಯೇ. ಯಾವುದು ಉಳಿಯಿತು, ಯಾವುದು ಸೋರಿತು, ಯಾವುದು ಕುಸಿಯಿತು ಎನ್ನುವುದು ಬೇಸಿಗೆಯಲ್ಲಿ ಕಾಣುವುದಿಲ್ಲ.

ಮೊದಲು ನಮ್ಮ ಹೊಳೆ

ಹಾರಂಗಿ ಹುಟ್ಟುವುದು ಪುಷ್ಪಗಿರಿ ಬೆಟ್ಟದ ಕಡೆ. ಹಟ್ಟಿಹೊಳೆ, ಮಾದಾಪುರ ಹೊಳೆಯಂಥ ಹೊಳೆಗಳನ್ನು ಸೇರಿಸಿಕೊಂಡು ಹುದುಗೂರಿನ ಹತ್ತಿರ ಜಲಾಶಯಕ್ಕೆ ಬರುತ್ತದೆ. ಅಣೆಕಟ್ಟು ದಾಟಿದ ಮೇಲೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. 1982ರಲ್ಲಿ ಮುಗಿದ ಈ ಅಣೆಕಟ್ಟಿನಲ್ಲಿ ಸುಮಾರು 8.5 ಟಿಎಂಸಿ ನೀರು ಹಿಡಿಯುತ್ತದೆ. ಆ ನೀರು ನಮ್ಮ ಗದ್ದೆಗಷ್ಟೇ ಅಲ್ಲ, ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಅರಕಲಗೂಡು ಕಡೆಯ ಹೊಲಗಳಿಗೂ ಹೋಗುತ್ತದೆ.

ಅಂದರೆ ಮಡಿಕೇರಿ ಸುತ್ತಿನ ಒಂದು ಗುಡ್ಡ ಜಾರಿದರೆ ಅದರ ಮಣ್ಣು ಹಾರಂಗಿಯ ತಳದಲ್ಲಿ ಕೂರುತ್ತದೆ. ಅಷ್ಟರ ಮಟ್ಟಿಗೆ ಪಿರಿಯಾಪಟ್ಟಣದ ರೈತನ ನೀರು ಕಡಿಮೆಯಾಗುತ್ತದೆ. ಈ ನಂಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮೇಲೆ ಹತ್ತೋಣ.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್. ಕುಶಾಲನಗರದ ಕಡೆ ಬೀಳುವ ಮಳೆಯ ಮೂರು ಪಟ್ಟು ಮಡಿಕೇರಿಯಲ್ಲಿ ಬೀಳುತ್ತದೆ, ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು. ಬಸ್ಸಿನಲ್ಲಿ ಕೂತವರಿಗೆ ಇದು ತಾನಾಗಿ ಗೊತ್ತಾಗುತ್ತದೆ. ಕೆಳಗೆ ತುಂತುರು, ಅರ್ಧ ದಾರಿಗೆ ಮಳೆ, ಮೇಲೆ ಹೋದ ಮೇಲೆ ಮಂಜು. ಕಿಟಕಿಯ ಹೊರಗೆ ರಸ್ತೆಯ ಬದಿಯ ಮರವೂ ಕಾಣುವುದಿಲ್ಲ.

ಮಣ್ಣಿನ ಕೋಟೆ, ಕಲ್ಲಿನ ಕೋಟೆ

ಮಡಿಕೇರಿ ಊರಾದದ್ದು ಹಾಲೇರಿ ವಂಶದ ಅರಸ ಮುದ್ದುರಾಜನಿಂದ. ಆತ 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಇಲ್ಲಿಗೆ ತಂದ. ಮುದ್ದುರಾಜನ ಕೇರಿ ಎನ್ನುವುದೇ ಮಡಿಕೇರಿ ಆಯಿತು ಎಂದು ಹೇಳುತ್ತಾರೆ. ಬ್ರಿಟಿಷರ ಬಾಯಲ್ಲಿ ಅದು ಮರ್ಕೆರಾ ಆಯಿತು.

ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಇವತ್ತು ನಾವು ನೋಡುವುದು ಅದಲ್ಲ. ಮುಂದೆ ಕೊಡಗು ಟಿಪ್ಪು ಸುಲ್ತಾನನ ಕೈಗೆ ಹೋದಾಗ ಆತ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದು, ಟಿಪ್ಪುವಿನ ವಿರುದ್ಧ ಹೋರಾಡಿ, 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ಕೋಟೆ ಮತ್ತೆ ಹಾಲೇರಿ ಅರಸರ ಕೈಗೆ ಬಂತು. ಒಳಗಿನ ಎರಡು ಮಹಡಿಯ ಅರಮನೆಗೆ ಈಗಿನ ರೂಪ ಬಂದದ್ದು 1812ರಿಂದ 1814ರ ನಡುವೆ, ಲಿಂಗರಾಜೇಂದ್ರನ ಕಾಲದಲ್ಲಿ. 1834ರಲ್ಲಿ ಕಂಪನಿ ಸರ್ಕಾರ ಅವನ ಮಗ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಿತು. ಆಮೇಲೆ 1850ರ ದಶಕದಲ್ಲಿ ಕೋಟೆಯ ಒಳಗಿದ್ದ ವೀರಭದ್ರ ಗುಡಿಯ ಜಾಗದಲ್ಲಿ ಚರ್ಚು ಬಂತು. 1933ರಲ್ಲಿ ಅರಮನೆಗೆ ಗಡಿಯಾರದ ಗೋಪುರ ಸೇರಿತು. ಆ ಚರ್ಚು ಈಗ ರಾಜ್ಯ ಪುರಾತತ್ವ ಇಲಾಖೆಯ ಮ್ಯೂಸಿಯಂ.

ಒಂದೇ ಗೋಡೆಯ ಒಳಗೆ ಇಷ್ಟು ಜನರ ಕೈಕೆಲಸ ಇದೆ. ಪಾಠದ ಪುಸ್ತಕ ಇದನ್ನು ಯುದ್ಧಗಳ ಲೆಕ್ಕದಲ್ಲಿ ಹೇಳುತ್ತದೆ. ಮಳೆಯಲ್ಲಿ ನಿಂತು ನೋಡಿದರೆ ಬೇರೆ ಲೆಕ್ಕ ಕಾಣುತ್ತದೆ. ಬಂದ ಪ್ರತಿಯೊಬ್ಬ ಆಳುವವನೂ ಮಾಡು, ಗೋಡೆ, ಕಟ್ಟೆಗಳನ್ನು ಮತ್ತೆ ಕಟ್ಟಬೇಕಾಯಿತು. ಇಲ್ಲಿ ಕಟ್ಟಡ ಕಟ್ಟುವುದು ಒಂದು ಸಲದ ಕೆಲಸವಲ್ಲ.

ಕೋಟೆಯ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಪ್ರವಾಸಿಗರೆಲ್ಲ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಾವು ಹೋದಾಗ ಅವುಗಳ ಬೆನ್ನಿನಿಂದ ನೀರು ಇಳಿಯುತ್ತಿತ್ತು. ಅಲ್ಲಿಂದ ತಲೆ ಎತ್ತಿ ಅರಮನೆಯ ಮಾಡು ನೋಡಿ. ಸ್ವಾತಂತ್ರ್ಯ ಬಂದ ಮೇಲೂ ದಶಕಗಳ ಕಾಲ ಈ ಅರಮನೆಯಲ್ಲಿ ಸರ್ಕಾರಿ ಕಚೇರಿಗಳು ನಡೆದವು. ಪಹಣಿಗೆ, ಅರ್ಜಿಗೆ, ತಕರಾರಿಗೆ ನಮ್ಮ ಅಜ್ಜಂದಿರು ಹತ್ತಿದ ಮೆಟ್ಟಿಲು ಇದೇ. ಮಾಡು ಸೋರಿ ಟಾರ್ಪಾಲು ಹೊದೆಸುವ ಸ್ಥಿತಿಗೆ ಬಂತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ಕಚೇರಿಗಳು ಖಾಲಿ ಮಾಡಿದವು, ದುರಸ್ತಿಯನ್ನು ಭಾರತೀಯ ಪುರಾತತ್ವ ಇಲಾಖೆ ಕೈಗೆತ್ತಿಕೊಂಡಿತು.

ಸೈನ್ಯ ನುಗ್ಗಿದಾಗ ಒಂದು ಕೋಟೆ ಒಂದೇ ದಿನದಲ್ಲಿ ಕೈ ಬದಲಾಗಬಹುದು. ಆದರೆ ಅದು ಹಾಳಾಗುವುದು ಒಡೆದ ಒಂದು ಹೆಂಚಿನಿಂದ. ಹೆಂಚು ಒಡೆದರೆ ನೀರು ತೊಲೆಗೆ ಇಳಿಯುತ್ತದೆ, ತೊಲೆ ಕೊಳೆತರೆ ಗೋಡೆಯ ತಲೆ ತೆರೆದುಕೊಳ್ಳುತ್ತದೆ. ಹಳ್ಳಿಯ ಹೆಂಚಿನ ಮನೆಯಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತು. ಅದಕ್ಕೇ ನಮ್ಮಲ್ಲಿ ಮೇ ತಿಂಗಳಲ್ಲಿ ಮಾಡಿಗೆ ಹತ್ತಿ ಹೆಂಚು ಸರಿಮಾಡುವುದು.

ಗದ್ದಿಗೆ

ಸಂಜೆ ಹೊತ್ತಿಗೆ ಮಹದೇವಪೇಟೆ ಕಡೆಯಿಂದ ಗದ್ದಿಗೆಗೆ ಹೋದೆವು. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿ, ಲಿಂಗರಾಜೇಂದ್ರ, ಅರಸರ ಗುರು, ಇವರ ಸಮಾಧಿಗಳು ಇಲ್ಲಿವೆ. ಲಿಂಗರಾಜನ ಸಮಾಧಿ 1820ರದು, ಕಟ್ಟಿಸಿದ್ದು ಅವನ ಮಗ ಚಿಕ್ಕವೀರರಾಜೇಂದ್ರ. ದೂರದಿಂದ ಗುಮ್ಮಟ, ಮಿನಾರು ನೋಡಿದವರು ಮಸೀದಿ ಎಂದುಕೊಳ್ಳುತ್ತಾರೆ. ಹತ್ತಿರ ಹೋದರೆ ಬಸವ ಕಾಣುತ್ತಾನೆ, ಒಳಗೆ ಲಿಂಗ. ಲಿಂಗಾಯತ ಅರಸರ ಸಮಾಧಿಗೆ ಇಸ್ಲಾಮಿ ಶೈಲಿಯ ಗುಮ್ಮಟ. ಅದೇ ಕಾಲದ ಓಂಕಾರೇಶ್ವರ ದೇವಸ್ಥಾನದಲ್ಲೂ ಹಾಗೇ ಇದೆ. ಆ ಕಾಲದ ಕುಶಲಕರ್ಮಿಗಳಿಗೆ ಗೊತ್ತಿದ್ದ ಒಳ್ಳೆಯ ಕೆಲಸವನ್ನು ಅರಸರು ಮಾಡಿಸಿಕೊಂಡರು, ಅಷ್ಟೇ. ಇದರಲ್ಲಿ ಜಗಳ ಹುಡುಕುವವರು ಒಮ್ಮೆ ಇಲ್ಲಿಗೆ ಬಂದು ನೋಡಬೇಕು.

ಪಕ್ಕದಲ್ಲೇ ಸೇನಾನಿ ಬಿದ್ದಂಡ ಬೋಪು ಮತ್ತು ಅವರ ಮಗ ಬಿದ್ದಂಡ ಸೋಮಯ್ಯನವರ ಸಮಾಧಿಗಳೂ ಇವೆ. ಅರಸನ ಪಕ್ಕದಲ್ಲಿ ಅರಸನಿಗಾಗಿ ಹೋರಾಡಿದ ಕೊಡವರು.

ತಂದೆಗೆ ಇಷ್ಟು ದೊಡ್ಡ ಗದ್ದಿಗೆ ಕಟ್ಟಿಸಿದ ಚಿಕ್ಕವೀರರಾಜೇಂದ್ರನಿಗೆ ಇಲ್ಲಿ ಜಾಗ ಸಿಗಲಿಲ್ಲ. ಅವನನ್ನು ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಅಲ್ಲಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಆ ಹುಡುಗಿಗೆ ದೀಕ್ಷಾಸ್ನಾನವಾಗಿ ವಿಕ್ಟೋರಿಯಾ ಗೌರಮ್ಮ ಎಂಬ ಹೆಸರು ಬಂತು. ಅರಸ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕುಶಾಲನಗರಕ್ಕೆ ಬಹುಕಾಲ ಇದ್ದ ಫ್ರೇಜರ್‌ಪೇಟೆ ಎಂಬ ಹೆಸರು ಅವನನ್ನು ಇಳಿಸಿದ ಕರ್ನಲ್ ಫ್ರೇಜರನದು. ಊರಿನ ಹಿರಿಯರ ಬಾಯಲ್ಲಿ ಈಗಲೂ ಆ ಹೆಸರು ಕೇಳುತ್ತದೆ.

ಕೆಂಪು ನೀರಿನ ದಾರಿ

ಭಾನುವಾರ ಬೆಳಿಗ್ಗೆ ಪರಿಚಯದವರ ಓಮ್ನಿಯಲ್ಲಿ ಸೋಮವಾರಪೇಟೆ ರಸ್ತೆ ಹಿಡಿದೆವು. ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ. ಹೆಸರು ಓದುವಾಗಲೇ ನಿಮಗೆ 2018ರ ಆಗಸ್ಟ್ ನೆನಪಾಗಿರಬೇಕು.

ಆ ವರ್ಷ ಆಗಸ್ಟ್ ಮಧ್ಯದ ಮಳೆಗೆ ಮಡಿಕೇರಿಯ ಸುತ್ತ ಗುಡ್ಡಗಳು ಒಂದರ ಹಿಂದೆ ಒಂದು ಜಾರಿದವು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಹಟ್ಟಿಹೊಳೆ, ಆ ಕಡೆ ಮದೆನಾಡು, ಜೋಡುಪಾಲ. ಜನ ಸತ್ತರು. ಮನೆ, ಗದ್ದೆ, ತೋಟ, ದನಕರು ಮಣ್ಣಿನ ಕೆಳಗೆ ಹೋದವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಉಳಿದರು. ಕೆಳಗೆ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಹಟ್ಟಿಹೊಳೆ ಮರ, ಕಲ್ಲು, ಮಣ್ಣು ಎಲ್ಲವನ್ನೂ ಹೊತ್ತು ತಂದು ಹಾರಂಗಿಗೆ ಸುರಿಯಿತು.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ ರಸ್ತೆಯಲ್ಲಿದೆ. ಈಗ ಹಸಿರು ಮುಚ್ಚಿಕೊಂಡಿದೆ. ಆದರೂ ಗುಡ್ಡದ ಮೇಲಿಂದ ಕೆಳಗಿನವರೆಗೆ ಉಗುರಿನಿಂದ ಗೀರಿದ ಹಾಗೆ ಗುರುತು ಕಾಣುತ್ತದೆ. ಅಲ್ಲಿ ಬೆಳೆದಿರುವುದು ಗಿಡಗಂಟಿ. ಪಕ್ಕದಲ್ಲಿ ಹಳೆಯ ಮರ. ಮರದ ಎತ್ತರದ ವ್ಯತ್ಯಾಸವೇ ಗುರುತು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಆಮೇಲೆ ಬಂದು ಕುಸಿದ ಜಾಗಗಳನ್ನು ನೋಡಿದರು. ಮಳೆ ವಿಪರೀತ ಇತ್ತು, ನಿಜ. ಅದರ ಜೊತೆಗೆ ರಸ್ತೆಗೆ, ಮನೆಗೆ, ಕಟ್ಟಡಕ್ಕೆ ಇಳಿಜಾರನ್ನು ನೆಟ್ಟಗೆ ಕಡಿದದ್ದು ದೊಡ್ಡ ಕಾರಣ ಎಂದರು. ಇದರ ಒಳಗುಟ್ಟು ಸರಳ. ಗುಡ್ಡದ ಮೇಲಿನ ಮಣ್ಣು ಕೆಳಗಿನ ಮಣ್ಣಿನ ಮೇಲೆ ಒರಗಿ ನಿಂತಿರುತ್ತದೆ. ಬುಡ ಕಡಿದರೆ ಒರಗಲು ಏನೂ ಇಲ್ಲ. ಮಳೆ ನೀರು ಒಳಗೆ ಇಂಗಿದಂತೆ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ನೀರು ಹರಿದು ಹೋಗುತ್ತಿದ್ದ ಸಣ್ಣ ತೋಡನ್ನು ಮುಚ್ಚಿದ್ದರೆ ಕೆಲಸ ಇನ್ನೂ ಬೇಗ ಆಗುತ್ತದೆ.

ಗುಡ್ಡ ಕಡಿದವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಒಂದು ಎಕರೆ ತೋಟ ಇರುವವನಿಗೆ ಮಗನ ಮದುವೆಗೆ ಎರಡು ಕೋಣೆ ಬೇಕು. ಕಾಫಿ ದರ ಬಿದ್ದ ವರ್ಷ ಹೋಮ್‌ಸ್ಟೇ ಕೈ ಹಿಡಿಯುತ್ತದೆ. ಅಲ್ಲಿಗೆ ಕಾರು ಹೋಗಲು ರಸ್ತೆ ಬೇಕು. ಜೆಸಿಬಿ ಬಂದರೆ ಒಂದೇ ದಿನದ ಕೆಲಸ. ಅದೇ ಗುಡ್ಡವನ್ನು ಕೈಯಲ್ಲಿ ಕಡಿಯಬೇಕಾಗಿದ್ದರೆ ನೂರು ಸಲ ಯೋಚನೆ ಮಾಡುತ್ತಿದ್ದರು.

ಹಾಲೇರಿ

ಹಟ್ಟಿಹೊಳೆಯ ಹತ್ತಿರದಲ್ಲೇ ಹಾಲೇರಿ. 1600ರ ಆಸುಪಾಸಿನಲ್ಲಿ ಇಕ್ಕೇರಿ ಅರಸು ಮನೆತನದ ವೀರರಾಜ ಜಂಗಮನಾಗಿ ಈ ಊರಿಗೆ ಬಂದು, ಜನರ ವಿಶ್ವಾಸ ಗಳಿಸಿ, ನಿಧಾನವಾಗಿ ಅರಸನಾದ ಎಂದು ಪರಂಪರೆ ಹೇಳುತ್ತದೆ. ದೊಡ್ಡವೀರರಾಜೇಂದ್ರ ಬರೆಯಿಸಿದ 'ರಾಜೇಂದ್ರನಾಮೆ' ಎಂಬ ಕನ್ನಡ ಗ್ರಂಥ 1633ರಿಂದ 1807ರವರೆಗಿನ ಈ ವಂಶದ ಕಥೆಯನ್ನು ಹೇಳುತ್ತದೆ. ಇನ್ನೂರಕ್ಕೂ ಹೆಚ್ಚು ವರ್ಷ ಕೊಡಗನ್ನು ಆಳಿದ ವಂಶಕ್ಕೆ ಹೆಸರು ಕೊಟ್ಟ ಊರು ಇದು.

ಇಲ್ಲಿ ಮಡಿಕೇರಿಯಂಥ ಅರಮನೆ ಹುಡುಕಿದರೆ ನಿರಾಶೆ ಗ್ಯಾರಂಟಿ. ರಾಜಧಾನಿ 1681ರಲ್ಲೇ ಎದ್ದು ಹೋಯಿತು. ಜನ ಹೋದ ಮೇಲೆ ಮಾಡಿಗೆ ಹತ್ತುವವರು ಇಲ್ಲ. ಒಂದೆರಡು ತಲೆಮಾರು ನೋಡಿಕೊಳ್ಳದಿದ್ದರೆ ಸಾಕು, ಕೊಡಗಿನ ಮಳೆ ಅರಮನೆಯನ್ನೂ ಕಾಡಿಗೆ ಸೇರಿಸುತ್ತದೆ. ಮಡಿಕೇರಿಯದು ಉಳಿದದ್ದು ಅದು ಗಟ್ಟಿ ಎಂದಷ್ಟೇ ಅಲ್ಲ, ಅಲ್ಲಿ ಯಾವಾಗಲೂ ಯಾರೋ ಒಬ್ಬರು ವಾಸ ಇದ್ದರು ಎಂದು.

ಕಡಂಗ: ಬೋರ್ಡ್ ಇಲ್ಲದ ಇತಿಹಾಸ

ಇನ್ನು ಈ ಪ್ರವಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದಕ್ಕೆ ಬರುತ್ತೇನೆ. ಅದಕ್ಕೆ ಟಿಕೆಟ್ ಇಲ್ಲ, ಬೋರ್ಡ್ ಇಲ್ಲ.

ಕಡಂಗ ಎಂದರೆ ಕೊಡಗಿನ ಹಳೆಯ ಯುದ್ಧ ಕಂದಕ. ಆಳವಾಗಿ ಅಗೆದು, ತೆಗೆದ ಮಣ್ಣನ್ನು ಪಕ್ಕದಲ್ಲೇ ಏರಿಯಂತೆ ಹಾಕಿ ಮಾಡಿದ್ದು. ಗುಡ್ಡದ ನೆತ್ತಿ, ಕಾಡು, ಬಯಲು ಯಾವುದನ್ನೂ ಬಿಡದೆ ಮೈಲಿಗಟ್ಟಲೆ ಹೋಗುತ್ತದೆ. ಕೆಲವು ಕಡೆ ಕವಲೊಡೆಯುತ್ತದೆ, ಕೆಲವು ಕಡೆ ಬೆಟ್ಟದ ತಲೆಯನ್ನು ಸುತ್ತುತ್ತದೆ. 9 ಮತ್ತು 10ನೇ ಶತಮಾನದ ಶಾಸನಗಳಲ್ಲೇ ಕಡಂಗದ ಮಾತು ಬರುತ್ತದೆ. 200 ವರ್ಷಗಳ ಹಿಂದೆ ಕೊಡಗಿನ ಸರ್ವೆ ಮಾಡಿದ ಬ್ರಿಟಿಷ್ ಅಧಿಕಾರಿ ಲೆಫ್ಟಿನೆಂಟ್ ಕಾನರ್ ಇವುಗಳನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ವಿರಾಜಪೇಟೆ ಕಡೆ ಕಡಂಗ ಎಂಬ ಊರೇ ಇದೆ.

ಮಾದಾಪುರ ದಾಟಿದ ಮೇಲೆ ಒಂದು ಚಹಾ ಅಂಗಡಿಯಲ್ಲಿ ಕೇಳಿದೆವು. "ಅಜ್ಜಾ, ಈ ಕಡೆ ಕಡಂಗ ಎಲ್ಲಾದ್ರೂ ಇದೆಯಾ?"

ಅಜ್ಜ ನಕ್ಕರು. "ಅದನ್ನ ನೋಡೋಕೆ ಮಡಿಕೇರಿಯಿಂದ ಬಂದ್ರಾ? ನಮ್ಮ ತೋಟದ ಬೇಲಿನೇ ಅದು. ಬನ್ನಿ, ಜಿಗಣೆ ಇರ್ತದೆ, ಪ್ಯಾಂಟು ಮೇಲೆ ಮಾಡ್ಕೊಳ್ಳಿ."

ಕಾಫಿ ಗಿಡಗಳ ನಡುವೆ ಹತ್ತು ನಿಮಿಷ ನಡೆದೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಅಜ್ಜ ನಿಂತು ಕೋಲಿನಿಂದ ತೋರಿಸಿದರು. ಎರಡಾಳು ಆಳದ ತಗ್ಗು, ಆ ಕಡೆ ದಿಣ್ಣೆ, ದಿಣ್ಣೆಯ ಮೇಲೆ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪದ ಮರ. ತಗ್ಗಿನ ತಳದಲ್ಲಿ ಎಲೆ ಕೊಳೆತು ಮೆತ್ತಗಿತ್ತು. ಮೇಲಿನಿಂದ ಇಳಿದ ಮಳೆ ನೀರು ಅಲ್ಲಿ ನಿಧಾನವಾಗಿ ಹರಿಯುತ್ತಿತ್ತು. ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು.

ಅರ್ಧ ಗಂಟೆ ಹಿಂದೆ ರಸ್ತೆ ಬದಿಯ ಚರಂಡಿಯಲ್ಲಿ ನೋಡಿದ್ದು ಕೆಂಪು ನೀರು. ಇಲ್ಲಿ ತಿಳಿ ನೀರು. ಎರಡೂ ಮನುಷ್ಯ ಗುಡ್ಡ ಕಡಿದ ಜಾಗವೇ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕಡಂಗ ತೋಡಿದ್ದು ಕೈಯಲ್ಲಿ, ನಿಧಾನಕ್ಕೆ. ಅಗೆದ ಮಣ್ಣನ್ನು ಹೊಳೆಗೆ ತಳ್ಳದೆ ಅಲ್ಲೇ ಏರಿಯಾಗಿ ಕೂರಿಸಿದರು. ಆಮೇಲೆ ಶತಮಾನಗಳ ಕಾಲ ಮರದ ಬೇರು ಆ ಏರಿಯನ್ನು ಹಿಡಿದುಕೊಂಡಿತು, ಎಲೆ ಮುಚ್ಚಿತು. ಹಳ್ಳಿಯವರು ಅದನ್ನು ಗಡಿ ಎಂದು, ಬೇಲಿ ಎಂದು ಬಳಸುತ್ತಾ ಬಂದರು. ಬಳಕೆಯಲ್ಲಿ ಇದ್ದದ್ದನ್ನು ಯಾರೂ ಅಗೆಯಲು ಹೋಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಳಬರು ಮಾಡಿದ್ದೆಲ್ಲ ಗಟ್ಟಿ, ಈಗಿನವರದ್ದೆಲ್ಲ ಟೊಳ್ಳು ಎಂದು ತೀರ್ಮಾನಿಸುವುದು ಸುಲಭ. ಆದರೆ ಉಳಿದ ಕಡಂಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಆ ಕಾಲದಲ್ಲೇ ಕುಸಿದು ಹೋದದ್ದು ಕಾಣುವುದಿಲ್ಲ. ಹಾಗಾಗಿ ಇದು ಹಳಬರ ಹೊಗಳಿಕೆಯಲ್ಲ. ಹೇಳುವುದು ಇಷ್ಟೇ: ಈ ಮಣ್ಣಿನಲ್ಲಿ, ಈ ಮಳೆಯಲ್ಲಿ ಯಾವುದು ನಿಲ್ಲುತ್ತದೆ ಎಂಬುದಕ್ಕೆ ಸಾವಿರ ವರ್ಷದ ಸಾಕ್ಷಿ ನಮ್ಮ ತೋಟದಲ್ಲೇ ಇದೆ. ಅದನ್ನು ಮಟ್ಟ ಮಾಡಿದರೆ ಆ ಸಾಕ್ಷಿ ಹೋಗುತ್ತದೆ.

ಅಜ್ಜ ಹೇಳಿದರು, ಪಕ್ಕದ ತೋಟದಲ್ಲಿ ಇದೇ ಕಡಂಗ ಮುಂದುವರಿದಿತ್ತಂತೆ. ಲಾರಿ ಬರಲು ಮಟ್ಟ ಮಾಡಿಸಿದರಂತೆ. ಎರಡು ಗಂಟೆಯ ಜೆಸಿಬಿ ಬಾಡಿಗೆ.

ಮುಳ್ಳೂರು: ತಂದೆ, ಮಗ, ತಾಯಿ

ಸೋಮವಾರಪೇಟೆ ದಾಟಿ ಶನಿವಾರಸಂತೆ ಕಡೆ ಹೋದಂತೆ ಮಳೆ ಕಡಿಮೆಯಾಯಿತು. ಮುಳ್ಳೂರು ಸಣ್ಣ ಹಳ್ಳಿ. ಅಲ್ಲಿ ಮೂರು ಜೈನ ಬಸದಿಗಳಿವೆ: ಪಾರ್ಶ್ವನಾಥ, ಚಂದ್ರನಾಥ, ಶಾಂತಿನಾಥ. 11ನೇ ಶತಮಾನದವು. ದೊಡ್ಡ ಗೋಪುರ, ಬೇಲೂರಿನಂಥ ಕೆತ್ತನೆ ಇಲ್ಲಿಲ್ಲ.

ಇವನ್ನು ಕಟ್ಟಿದ್ದು ಕೊಂಗಾಳ್ವರು. ಉತ್ತರ ಕೊಡಗು ಮತ್ತು ಈಗಿನ ಅರಕಲಗೂಡು ಕಡೆಯ ನಾಡನ್ನು ಆಳಿದವರು. ಇವರು ಮೇಲೆ ಬಂದ ಕಥೆ ರೋಚಕವಾಗಿದೆ. ತಂಜಾವೂರಿನ ರಾಜರಾಜ ಚೋಳನ ಸೈನ್ಯ ಈ ಭಾಗಕ್ಕೆ ಬಂದು ಪಣಸೋಗೆಯಲ್ಲಿ, ಅಂದರೆ ಈಗಿನ ಹನಸೋಗೆಯಲ್ಲಿ, ಚಂಗಾಳ್ವರ ವಿರುದ್ಧ ಹೋರಾಡಿತು. ಆ ಯುದ್ಧದಲ್ಲಿ ಮನಿಜ ಎಂಬ ವೀರ ಪರಾಕ್ರಮ ತೋರಿಸಿದ. ಸುದ್ದಿ ಕೇಳಿದ ರಾಜರಾಜ ಅವನಿಗೆ 'ಕ್ಷತ್ರಿಯ ಶಿಖಾಮಣಿ ಕೊಂಗಾಳ್ವ' ಎಂಬ ಬಿರುದನ್ನೂ ಮಾಳವ್ವಿಯನ್ನೂ ಕೊಟ್ಟ. ಇದು 1004ರ ಸುಮಾರಿನ ಮಾತು. ಮಾಳವ್ವಿ ಎಂದರೆ ನಮ್ಮ ಈಗಿನ ಮಾಲಂಬಿ. ಮಾಲಂಬಿ ಬೆಟ್ಟ ಸೋಮವಾರಪೇಟೆ ಕಡೆಯವರಿಗೆಲ್ಲ ಗೊತ್ತು. ಒಬ್ಬ ಸ್ಥಳೀಯ ಯೋಧನ ಕೆಚ್ಚು ತಂಜಾವೂರಿಗೆ ತಲುಪಿ, ಒಂದು ಅರಸು ಮನೆತನವೇ ಹುಟ್ಟಿತು. ಆಮೇಲಿನ ಕೊಂಗಾಳ್ವರು ರಾಜೇಂದ್ರ, ರಾಜಾಧಿರಾಜ ಎಂದು ಚೋಳರ ಹೆಸರನ್ನೇ ಇಟ್ಟುಕೊಂಡರು.

ಮುಳ್ಳೂರಿನ ಶಾಸನಗಳು ಹೇಳುವ ವಿಷಯ ಕೇಳಿ. ಬಸದಿ ಕಟ್ಟಿಸಿದ್ದು ತಂದೆ. ಮಗ ರಾಜೇಂದ್ರ ಕೊಂಗಾಳ್ವ 1058ರಲ್ಲಿ ಅದಕ್ಕೆ ಭೂಮಿ ದತ್ತಿ ಕೊಟ್ಟ. ತಾಯಿ ಪೋಚಬ್ಬರಸಿ ತನ್ನ ಗುರು ಗುಣಸೇನ ಪಂಡಿತರ ಪ್ರತಿಮೆ ಮಾಡಿಸಿದಳು. ಗುಣಸೇನ ಪಂಡಿತರು ತಾವೇ ಒಂದು ಬಾವಿ ತೋಡಿಸಿದರು.

ದತ್ತಿ ಎಂದರೆ ಬರೀ ಪೂಜೆಯ ಖರ್ಚಲ್ಲ. ಅದು ಮೇಂಟೆನೆನ್ಸ್ ಫಂಡ್. ಕಟ್ಟಡ ಕಟ್ಟಿದರೆ ಸಾಲದು, ವರ್ಷ ವರ್ಷ ಅದನ್ನು ನೋಡಿಕೊಳ್ಳಲು ಗದ್ದೆಯ ಆದಾಯ ಬೇಕು ಎಂದು ಅವರಿಗೆ ಗೊತ್ತಿತ್ತು. ಅದು ಬಾಯಿಮಾತಿನಲ್ಲಿ ಉಳಿಯುವುದಿಲ್ಲ ಎಂದೂ ಗೊತ್ತಿತ್ತು, ಅದಕ್ಕೆ ಕಲ್ಲಿನ ಮೇಲೆ ಬರೆಸಿದರು. ಆ ಕಲ್ಲುಗಳನ್ನು ಓದಿ ಪುಸ್ತಕಕ್ಕೆ ಇಳಿಸಿದ್ದು ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್. ಅವರ ಕೊಡಗಿನ ಶಾಸನಗಳ ಸಂಪುಟ 1886ರಲ್ಲಿ ಬಂತು. ಅದು ಇಲ್ಲದಿದ್ದರೆ ಮನಿಜ, ಪೋಚಬ್ಬರಸಿ ಇವರ ಹೆಸರು ನನಗೆ, ನಿಮಗೆ ತಲುಪುತ್ತಿರಲಿಲ್ಲ.

ನಾವು ಹೋದಾಗ ಆವರಣದಲ್ಲಿ ಬೇರೆ ಯಾರೂ ಇರಲಿಲ್ಲ. ಕೋಟೆಯಲ್ಲಿ ಹಿಂದಿನ ದಿನ ಕಾಲಿಡಲು ಜಾಗ ಇರಲಿಲ್ಲ. ಒಂದು ಕಟ್ಟಡ ಇನ್ನೂರು ಚಿಲ್ಲರೆ ವರ್ಷದ್ದು, ಇನ್ನೊಂದು ಸುಮಾರು ಸಾವಿರ ವರ್ಷದ್ದು.

ಹೊನ್ನಮ್ಮನ ಕೆರೆಯ ಮೇಲಿನ ಕಲ್ಲುಗಳು

ವಾಪಸು ಬರುವಾಗ ದೊಡ್ಡಮಳ್ತೆಯಲ್ಲಿ ನಿಂತೆವು. ಗೌರಿ ಹಬ್ಬಕ್ಕೆ ಹೊನ್ನಮ್ಮನ ಕೆರೆಗೆ ಬಾಗಿನ ಬಿಡಲು ಸುತ್ತಲಿನ ಊರುಗಳಿಂದ ಹೆಣ್ಣುಮಕ್ಕಳು ಬರುತ್ತಾರಲ್ಲ, ಅದೇ ಊರು. ಕೆರೆಯಲ್ಲಿ ನೀರು ನಿಲ್ಲಲಿ ಎಂದು ಹೊನ್ನಮ್ಮ ಪ್ರಾಣ ಕೊಟ್ಟಳು ಎಂಬ ಕಥೆ ನಮ್ಮ ಅಜ್ಜಿಯರು ಹೇಳಿದ್ದೇ.

ಕೆರೆ ನೋಡಿ ಹೋಗುವವರಲ್ಲಿ ಬಹಳ ಜನ ಬೆಟ್ಟದ ಮೇಲಿನ ಕಲ್ಲಿನ ಗೋರಿಗಳನ್ನು ನೋಡುವುದಿಲ್ಲ. ಚಪ್ಪಡಿ ಕಲ್ಲುಗಳನ್ನು ನಾಲ್ಕು ಕಡೆ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ ಗೂಡುಗಳು. ಇಂಥ ಕೆಲವು ಗೂಡುಗಳ ಒಂದು ಬದಿಯ ಕಲ್ಲಿಗೆ ದುಂಡನೆಯ ಕಂಡಿ ಇರುತ್ತದೆ. ಜನ ಇವನ್ನು ಪಾಂಡವರ ಮನೆ ಎನ್ನುತ್ತಾರೆ, ಮೋರಿಯರ ಮನೆ ಎನ್ನುತ್ತಾರೆ. ವನವಾಸದಲ್ಲಿ ಪಾಂಡವರು ಇದ್ದ ಮನೆ ಎಂದು ಕಥೆ. ನಿಜದಲ್ಲಿ ಇವು ಕಬ್ಬಿಣದ ಯುಗದ ಜನ ತಮ್ಮ ಸತ್ತವರಿಗೆ ಕಟ್ಟಿದ ಸಮಾಧಿಗಳು. ದಕ್ಷಿಣ ಭಾರತದಲ್ಲಿ ಇಂಥವು ಎರಡು, ಮೂರು ಸಾವಿರ ವರ್ಷ ಹಳೆಯವು. ಅಗೆದು ನೋಡಿದ ಕಡೆಗಳಲ್ಲಿ ಮಡಕೆ, ಮೂಳೆ, ಕಬ್ಬಿಣದ ಸಾಮಾನು, ಮಣಿ ಸಿಕ್ಕಿವೆ.

ಆ ಜನರ ಭಾಷೆ ನಮಗೆ ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆದರೆ ಅವರಿಗೆ ಮಳೆ ಗೊತ್ತಿತ್ತು ಎಂದು ನನಗೆ ಅನಿಸಿತು. ಜಾಗ ನೋಡಿ: ನೀರು ನಿಲ್ಲದ ಎತ್ತರ, ಕಾಲ ಕೆಳಗೆ ಗಟ್ಟಿ ಬಂಡೆ. ಸತ್ತವರನ್ನು ಮಳೆ ಮುಟ್ಟಬಾರದು ಎಂದು ಮೇಲೆ ಅಷ್ಟು ದೊಡ್ಡ ಚಪ್ಪಡಿ. ನಾವು ಹೋದಾಗಲೂ ಆ ಗೂಡಿನ ಒಳಗಿನ ನೆಲ ಹೊರಗಿಗಿಂತ ಒಣಗಿತ್ತು.

ಇಂಥ ಗೋರಿಗಳಿಗೆ ಈಗಿನ ದೊಡ್ಡ ಶತ್ರು ಮಳೆಯಲ್ಲ. ನಿಧಿ ಆಸೆಗೆ ಅಗೆಯುವವರು, ಚಪ್ಪಡಿ ಕಲ್ಲು ಬೇಕೆಂದು ಸಾಗಿಸುವವರು. ಅದರಲ್ಲಿ ಬಂಗಾರ ಇರುವುದಿಲ್ಲ. ಒಡೆದ ಮಡಕೆ ಇರುತ್ತದೆ. ಆ ಮಡಕೆ ಇದ್ದ ಜಾಗದಲ್ಲೇ ಇದ್ದರೆ ಮಾತ್ರ ತಿಳಿದವರು ಬಂದು ಓದಬಲ್ಲರು.

ಊರಿನವರು ಮಾಡಬಹುದಾದದ್ದು

ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು ಎಂದು ಕಾನೂನಿದೆ. ಆದರೆ ನಿಮ್ಮ ತೋಟದ ಒಳಗಿನ ಕಡಂಗಕ್ಕೆ, ಬಟ್ಟೆ ಒಗೆಯುವ ಕಲ್ಲಾಗಿರುವ ವೀರಗಲ್ಲಿಗೆ ಇಂಥ ಬೇಲಿ ಇಲ್ಲ. ಅವುಗಳ ಕಾವಲು ನೀವೇ.

ಹಾಗಾಗಿ ಮೂರು ಮಾತು. ಜೆಸಿಬಿ ಕರೆಸುವ ಮುಂಚೆ ಆ ತಗ್ಗು ಬರೀ ತಗ್ಗೋ, ಕಡಂಗವೋ ಎಂದು ಊರಿನ ಹಿರಿಯರನ್ನು ಒಮ್ಮೆ ಕೇಳಿ. ಅಕ್ಷರ ಇರುವ ಕಲ್ಲು, ಕೆತ್ತನೆ ಇರುವ ಕಲ್ಲು ಕಂಡರೆ ಸರಿಸದೆ, ಅರಿಸಿನ, ಬಣ್ಣ ಬಳಿಯದೆ, ಮೊಬೈಲಿನಲ್ಲಿ ಫೋಟೊ ತೆಗೆದು ಗ್ರಾಮ ಪಂಚಾಯಿತಿಗೆ, ಮಡಿಕೇರಿ ಕೋಟೆಯ ಮ್ಯೂಸಿಯಂಗೆ ತಿಳಿಸಿ. ಮನೆಗೋ ರಸ್ತೆಗೋ ಗುಡ್ಡ ಕಡಿಯಲೇಬೇಕಾದರೆ ನೆಟ್ಟಗೆ ಕಡಿಯಬೇಡಿ, ನೀರಿನ ತೋಡು ಮುಚ್ಚಬೇಡಿ, ದಿಣ್ಣೆಯ ಮರ ಉಳಿಸಿ.

ಭಾನುವಾರ ರಾತ್ರಿ ಹಾರಂಗಿಗೆ ವಾಪಸು ಬಂದಾಗ ಗೇಟು ಎತ್ತಿದ್ದರು. ಲೈಟಿನ ಬೆಳಕಿನಲ್ಲಿ ನೀರು ಧುಮುಕುತ್ತಿತ್ತು. ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನಾವೂ ಒಂದು ತೆಗೆದುಕೊಂಡೆವು. ಹಿಂದೆ ನೀರು ಕೆಂಪಾಗಿಯೇ ಇತ್ತು. ಎಲ್ಲಿಂದ ಬಂದದ್ದು ಎಂದು ಈಗ ನಮಗೆ ಗೊತ್ತಿತ್ತು.